ಮಂಡಿ ತಟ್ಟಿದವರು

ಮೆಲ್ಬರ್ನಿನಿಂದ ಅವರ ತಂಗಿ ಫೋನ್ ಮಾಡಿ "ಅಣ್ಣ ಹೋದ" ಎಂದಾಗ ನನಗೆ ಮೊದಲು ಬಂದದ್ದು ಅಳುವಲ್ಲ, ಸಿಟ್ಟು. ಇಷ್ಟು ವರ್ಷ ಸತಾಯಿಸಿ, ಕೇಳಿದ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡದೆ ಎದ್ದು ಹೋಗಿಬಿಡುವುದೆಂದರೇನು? ಫೋನಿಟ್ಟು ಹೆಂಡತಿಯ ಮುಂದೆ ಹಾಗೆಯೇ ಅಂದುಬಿಟ್ಟೆ. ಅವಳು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಸತ್ತೋರ ಹತ್ರಾನೂ ಜಗಳ ಕಾಯ್ತೀರಲ್ರೀ, ನಿಮ್ಮಂಥೋರನ್ನ ನಾನು ಎಲ್ಲೂ ನೋಡ್ಲಿಲ್ಲ" ಎಂದಳು.

ಪ್ರಶ್ನೆ ಇಷ್ಟೇ. ಮೆಲ್ಬರ್ನಿನ ಆ ಬೇಸ್‌ಬಾಲ್ ಫೈನಲ್ಲಿನಲ್ಲಿ ಅವರು ತಮ್ಮ ಮಂಡಿ ತಟ್ಟಿದ್ದು ನಿಜ ಹೇಳುವುದಕ್ಕೋ, ಹೊಟ್ಟೆಕಿಚ್ಚಿಗೋ? ಆ ತಟ್ಟಿನಿಂದ ಒಬ್ಬ ಹುಡುಗನಿಗೆ ಅಮೆರಿಕ ತಪ್ಪಿತು, ತಂಡಕ್ಕೆ ಕಪ್ ತಪ್ಪಿತು, ಅವರ ಹೆಸರಿಗೂ ಮಸಿ ಬಿತ್ತು. ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಮ್ಮ ಮನೆಯಲ್ಲಿ ಅವರು ಕ್ಯಾಚ್ ಅಂಕಲ್. ಮಗಳು ಇಟ್ಟ ಹೆಸರು ಅದು.

ಎಂಬತ್ತರ ದಶಕದ ಕೊನೆಯಲ್ಲಿ ನಾವು ಮೈಸೂರಿನಿಂದ ಸಿಡ್ನಿಗೆ ಬಂದು ಹ್ಯಾರಿಸ್ ಪಾರ್ಕಿನ ಒಂದು ಕೆಂಪಿಟ್ಟಿಗೆಯ ಫ್ಲಾಟಿನಲ್ಲಿ ಬಾಡಿಗೆಗಿದ್ದೆವು. ಈಗಿನ ಹಾಗೆ ಬೀದಿ ತುಂಬ ಸ್ವೀಟ್ ಅಂಗಡಿಗಳು ಆಗ ಇರಲಿಲ್ಲ. ತೊಗರಿಬೇಳೆ ಸಿಕ್ಕಿದ ದಿನ ಹಬ್ಬ. ಕೆಳಗಿನ ಲಾಂಡ್ರಿಯಲ್ಲಿ ಎಲ್ಲ ಮನೆಗಳಿಗೂ ಸೇರಿ ಒಂದೇ ವಾಷಿಂಗ್ ಮಷೀನು, ಅದು ನನ್ನ ನಾಣ್ಯ ನುಂಗಿ ಸುಮ್ಮನಾಗಿತ್ತು. ಸುತ್ತ ಯಾರಿಗೂ ತಿಳಿಯುವುದಿಲ್ಲವೆಂಬ ಧೈರ್ಯದಲ್ಲಿ ನಾನು ಅದರ ವಂಶವನ್ನೆಲ್ಲ ಎತ್ತಿ ಬೈಯುತ್ತಿದ್ದೆ. ಹಿಂದಿನಿಂದ ಒಂದು ದನಿ ಬಂತು:

"ಅದಕ್ಕೆ ಬೈದ್ರೆ ಆಗುದಿಲ್ಲ ಮಾರಾಯ್ರೇ. ಒದೀಬೇಕು."

ತಿರುಗಿದರೆ ಗಿಡ್ಡಗೆ, ಅಗಲವಾಗಿ, ಕಪ್ಪು ಮೀಸೆಯ ಒಬ್ಬರು. ಬಂದು ಒದ್ದರು. ಮಷೀನು ತಿರುಗಿತು. ಮಂಗಳೂರಿನ ಕೆಥೊಲಿಕರು, ಮನೆಮಾತು ಕೊಂಕಣಿ, ಕನ್ನಡ ಶಾಲೆಯಲ್ಲಿ ಕಲಿತದ್ದು. ಹೈಸ್ಕೂಲಿನ ವಯಸ್ಸಿನಲ್ಲಿ ಅಪ್ಪ ಅಮ್ಮ ತಂಗಿಯ ಜೊತೆ ಈ ದೇಶಕ್ಕೆ ಬಂದವರು, ಮದುವೆಯಾಗಿರಲಿಲ್ಲ. ಬೆಳಗಿನ ಜಾವದಲ್ಲಿ ಅಂಚೆ ವಿಂಗಡಿಸುವ ಕೆಲಸ, ಮಧ್ಯಾಹ್ನದ ಮೇಲೆ ಬೇಸ್‌ಬಾಲ್.

ಬೇಸ್‌ಬಾಲ್ ಅಂದರೆ ನನಗೆ ಏನೂ ಗೊತ್ತಿರಲಿಲ್ಲ. ಗೊತ್ತಿಲ್ಲದ ಕಾರಣ ಅಭಿಪ್ರಾಯ ಬೇಕಾದಷ್ಟಿತ್ತು. ಪಿಚರ್ ಎಂಬುವನು ಚೆಂಡು ಎಸೆಯುತ್ತಾನೆ. ಬ್ಯಾಟು ಹಿಡಿದವನ ಹಿಂದೆ ಮುಖವಾಡ, ಎದೆಗವಚ ತೊಟ್ಟು ಕುಕ್ಕರಗಾಲಲ್ಲಿ ಕೂತು ಅದನ್ನು ಹಿಡಿಯುವವನು ಕ್ಯಾಚರ್. ನಾನು ಕಾಲೇಜಿನಲ್ಲಿ ವಿಕೆಟ್ ಕೀಪರ್ ಆಗಿದ್ದವನು. ಎರಡೂ ಒಂದೇ ಅಲ್ಲವೇ ಎಂದು ಕೇಳಿದ್ದಕ್ಕೆ ಅವರಿಗೆ ನಿಜವಾಗಿ ನೋವಾಯಿತು.

"ಕೀಪರ್‌ಗೆ ಬರುದು ಬ್ಯಾಟ್ಸ್‌ಮನ್ ಬಿಟ್ಟ ಬಾಲು. ನನಗೆ ಬರುದು ನಾನು ಕೇಳಿದ ಬಾಲು. ಎಂತ ಹಾಕ್ಬೇಕು ಅಂತ ಬೆರಳಲ್ಲಿ ನಾನು ಹೇಳ್ತೇನೆ, ಅವ ಹಾಕ್ತಾನೆ. ವ್ಯತ್ಯಾಸ ಉಂಟಲ್ಲ?"

ಅವರು ಕ್ಯಾಚರ್ ಆದದ್ದಕ್ಕೆ ಕಾರಣ, ಇಲ್ಲಿನ ಶಾಲೆಯಲ್ಲಿ ಮಧ್ಯಾಹ್ನವಿಡೀ ಕುಕ್ಕರಗಾಲಲ್ಲಿ ಕೂರಬಲ್ಲ ಹುಡುಗ ಅವರೊಬ್ಬರೇ ಆಗಿದ್ದರಂತೆ. ಉಳಿದವರಿಗೆ ಹಾಗೆ ಕೂತರೆ ಹಿಂದಕ್ಕೆ ಬೀಳುವ ರೋಗ. ಆದರೆ ದೊಡ್ಡ ತಂಡಕ್ಕೆ ಸೇರಿದ ಮೇಲೆ ಅವರು ಎಂದೂ ಎರಡನೆಯ ಕ್ಯಾಚರ್. ಮೊದಲನೆಯವನು ಆಳೆತ್ತರದ ಒಬ್ಬ ಎಲೆಕ್ಟ್ರೀಷಿಯನ್. ಆ ಪುಣ್ಯಾತ್ಮನಿಗೆ ನೆಗಡಿಯೂ ಆಗುತ್ತಿರಲಿಲ್ಲ. "ಒಂದು ಸಲವಾದ್ರೂ ಅವನಿಗೆ ಹೊಟ್ಟೆ ಕೆಡ್ಲಿ ಅಂತ ಹರಕೆ ಹೊರ್ತೀನಿ ಅಂಕಲ್" ಎಂದು ನನ್ನ ಹೆಂಡತಿ ರೇಗಿಸುತ್ತಿದ್ದಳು. "ಬೇಡ, ಅವ ಪಾಪ, ಒಳ್ಳೆಯವ" ಎಂದು ನಗುತ್ತಿದ್ದರು. ಆ ನಗುವಿನಲ್ಲಿ ಆಸೆ ಎಷ್ಟು, ಸಮಾಧಾನ ಎಷ್ಟು ಎಂದು ನನಗೆ ಆಗಲೂ ತಿಳಿಯಲಿಲ್ಲ.

ನನ್ನ ತಾಯಿ ಮೈಸೂರಿನಿಂದ ಬಂದಿದ್ದ ಬೇಸಗೆಯಲ್ಲಿ, ಹಾಲಿನ ಕಾರ್ಪೆಟ್ಟಿನ ಮೇಲೆ ಪೇಪರ್ ಹಾಸಿ, ಹಡಗಿನಲ್ಲಿ ಬಂದ ಈಳಿಗೆಮಣೆಯ ಮುಂದೆ ಕೂತು ಹುರುಳಿಕಾಯಿ ಹೆಚ್ಚುತ್ತಿದ್ದರು. ಕ್ಯಾಚ್ ಅಂಕಲ್ ಪಾತ್ರೆ ವಾಪಸು ಕೊಡಲು ಬಂದವರು ಅಮ್ಮನ ಎದುರು ಕುಕ್ಕರಗಾಲಲ್ಲಿ ಕೂತು ನಾರು ತೆಗೆಯಲು ಶುರು ಮಾಡಿದರು. ಬೆರಳುಗಳು ಸೊಟ್ಟಗಿದ್ದವು, ಚೆಂಡು ತಗುಲಿ ಮುರಿದು ಕೂಡಿಕೊಂಡವು. ಅಮ್ಮ ಅದನ್ನು ನೋಡಿ ಕೇಳಿದರು:

"ಆಟದಲ್ಲಿ ನೀನು ಏನ್ ಮಾಡ್ತೀಯಪ್ಪಾ?"

"ಹೆಚ್ಚಾಗಿ ಕೂತಿರ್ತೇನೆ ಅಮ್ಮ. ಇನ್ನೊಬ್ಬರಿಗೆ ಏನಾದ್ರೂ ಆದ್ರೆ ಹೋಗುದು."

"ಅಯ್ಯೋ ರಾಮ! ಸಮುದ್ರ ದಾಟಿ ಬಂದು ಕೂತ್ಕೊಳ್ಳೋದಾ? ಅಷ್ಟಕ್ಕೆ ಊರಲ್ಲೇ ಕೂತಿರ್‌ಬಹುದಿತ್ತಲ್ಲೋ!"

ಅವರು ಎಷ್ಟು ನಕ್ಕರೆಂದರೆ ಹುರುಳಿಕಾಯಿ ಕೈಜಾರಿ ಚೆಲ್ಲಿತು. ಆಮೇಲೆ ತಂಡದವರಿಗೆಲ್ಲ ಆ ಮಾತನ್ನು ಇಂಗ್ಲಿಷಿನಲ್ಲಿ ಹೇಳಿ ನಗಿಸಿದರಂತೆ. ಅಮ್ಮ ಮಾತ್ರ ಊರಿಗೆ ವಾಪಸಾದ ಮೇಲೂ ಪ್ರತಿ ಫೋನಿನಲ್ಲಿ "ಆ ಹುಡುಗನಿಗೆ ಆಡೋಕೆ ಕೊಟ್ರಾ?" ಎಂದು ವಿಚಾರಿಸುತ್ತಿದ್ದರು.

ಕೂತಿರುತ್ತೇನೆ ಎಂದದ್ದು ಪೂರ್ತಿ ನಿಜವಲ್ಲ. ಮೈದಾನದ ಮೂಲೆಯಲ್ಲಿ ಬೇಲಿ ಹಾಕಿದ ಒಂದು ಪಟ್ಟಿ ಜಾಗ ಇರುತ್ತದೆ. ಆಟದ ನಡುವೆ ಇಳಿಯಬೇಕಾದ ಪಿಚರುಗಳು ಅಲ್ಲಿ ಚೆಂಡು ಎಸೆದೆಸೆದು ತೋಳು ಸಡಿಲಿಸಿಕೊಳ್ಳುತ್ತಾರೆ. ಅವರ ಚೆಂಡು ಹಿಡಿಯುವವನು ಎರಡನೆಯ ಕ್ಯಾಚರ್. ಕೋಚು ದೂರದಲ್ಲಿರುತ್ತಾನಾದ್ದರಿಂದ ಮಾತಿಗೆ ಅವಕಾಶವಿಲ್ಲ. ಅವರ ತಂಡದಲ್ಲಿ ಸನ್ನೆ ಹೀಗಿತ್ತು: ಕೋಚು ಇತ್ತ ನೋಡಿದಾಗ ಕ್ಯಾಚರ್ ಟೋಪಿ ಮುಟ್ಟಿಕೊಂಡರೆ ಪಿಚರ್ ರೆಡಿ. ಮಂಡಿಯ ಪ್ಯಾಡು ತಟ್ಟಿದರೆ ಇವತ್ತು ಇವನು ಬೇಡ. ಅದಕ್ಕೆ ಮೇಲ್ಮನವಿ ಇಲ್ಲ. ಆ ಆಟದಲ್ಲಿ ಅವರಿಗಿದ್ದ ಅಧಿಕಾರ ಅದೊಂದೇ, ಮರ್ಯಾದೆಯೂ ಅದೊಂದೇ.

ಇನ್ನೊಂದು ಕಟ್ಟಳೆಯೂ ಇತ್ತು. ಚೆಂಡು ಎಸೆಯುವ ನಡುವೆ ಪಿಚರು ಹತ್ತಿರ ಬಂದು ಗ್ಲೌಸಿನಿಂದ ಬಾಯಿ ಮುಚ್ಚಿಕೊಂಡು ಏನೋ ಹೇಳುತ್ತಾನೆ. ಏನದು ಎಂದು ಒಮ್ಮೆ ಕೆದಕಿದೆ.

"ಅದು ಹೊರಗೆ ಹೇಳ್ಲಿಕ್ಕಿಲ್ಲ. ನಮ್ಮಲ್ಲಿ ಪಾದ್ರಿಯವರ ಹತ್ರ ಪಾಪ ಹೇಳಿಕೊಳ್ತೇವಲ್ಲ, ಹಾಗೆ."

"ಆಟಕ್ಕೆ ಇಷ್ಟೊಂದು ಮಡಿಯೇ?" ಎಂದು ನಾನು ಹಾಸ್ಯ ಮಾಡಿದೆ. ಅವರು ನಗಲಿಲ್ಲ.

ತೊಂಬತ್ತರ ಮೊದಲ ವರ್ಷಗಳಲ್ಲಿ ತಂಡಕ್ಕೆ ಒಬ್ಬ ಹೊಸ ಪಿಚರ್ ಬಂದ. ಇನ್ನೂ ಮೀಸೆ ಸರಿಯಾಗಿ ಬಾರದ, ಕೆಂಗೂದಲಿನ ಆಸ್ಟ್ರೇಲಿಯನ್ ಹುಡುಗ. ನಮ್ಮ ಫ್ಲಾಟಿನ ಹಿತ್ತಲಲ್ಲಿ ಅಭ್ಯಾಸ ಮಾಡುವಾಗ ಅವನ ಬಲಗೈಯಿಂದ ಹೊರಟ ಚೆಂಡು ಅವರ ಗ್ಲೌಸಿಗೆ ಬಿದ್ದರೆ ಆ ಸದ್ದಿಗೆ ಪಾರಿವಾಳಗಳೆಲ್ಲ ಏಳುತ್ತಿದ್ದವು. ಅವನನ್ನು ತಿದ್ದಿದ್ದು, ಬೈದದ್ದು, ಊಟಕ್ಕೆ ಕರೆತಂದದ್ದು ಎಲ್ಲ ಅವರೇ. ನಮ್ಮ ಮನೆಯಲ್ಲಿ ಚಿತ್ರಾನ್ನ ತಿಂದು ಕಣ್ಣು ಮೂಗು ಸುರಿಸಿಕೊಂಡು ಇನ್ನಷ್ಟು ಹಾಕಿಸಿಕೊಂಡಿದ್ದ. ಅಮೆರಿಕದ ದೊಡ್ಡ ತಂಡದವರು ಅವನನ್ನು ನೋಡಲು ಫೈನಲ್ಲಿಗೆ ಬರುತ್ತಾರೆಂದು ಸುದ್ದಿಯಾಯಿತು. ಆ ವಾರ ಮೆಟ್ಟಿಲ ಮೇಲೆ ಕೂತು ಗ್ಲೌಸಿಗೆ ಎಣ್ಣೆ ಸವರುತ್ತ ಅವರು ಅಂದದ್ದು ನನ್ನ ಕಿವಿಯಲ್ಲಿ ಉಳಿದಿದೆ: "ಅವ ಅಲ್ಲಿಗೆ ಹೋದ್ರೆ ಮತ್ತೆ ನಮ್ಮದೆಲ್ಲ ಎಂತ ನೆನಪು ಇರ್ತದೆ?" ಆಗ ಅದು ತಮಾಷೆಯಾಗಿ ಕೇಳಿಸಿತ್ತು.

ಫೈನಲ್ ಮೆಲ್ಬರ್ನಿನಲ್ಲಿ. ನಾವು ಆ ಊರು ನೋಡಿರಲಿಲ್ಲ. ಪುಳಿಯೋಗರೆ ಕಟ್ಟಿಕೊಂಡು, ಅವರನ್ನೂ ಹಳೆಯ ಕಾರಿನಲ್ಲಿ ಕೂರಿಸಿಕೊಂಡು ಹ್ಯೂಮ್ ಹೈವೇಯಲ್ಲಿ ಹೊರಟೆವು. ದಾರಿಯುದ್ದಕ್ಕೂ ಅವರು ನನ್ನ ಮಗಳಿಗೆ ಬೆರಳಿನ ಸನ್ನೆ ಕಲಿಸುತ್ತಿದ್ದರು. ಅಷ್ಟು ಖುಷಿಯಾಗಿ ಅವರನ್ನು ನಾನು ಕಂಡದ್ದೇ ಇಲ್ಲ. ಈ ಸಲ ಗೆದ್ದರೆ ಮುಂದಿನ ವರ್ಷದಿಂದ ತಂಡದಲ್ಲಿ ಪಿಚರುಗಳನ್ನು ನೋಡಿಕೊಳ್ಳುವ ಕೋಚಿನ ಕೆಲಸ ಅವರಿಗೆಂದು ಮಾತಾಗಿತ್ತು. ಅಂದರೆ ಕೂತು ಕಾಯುವ ಕೆಲಸ ಮುಗಿಯುತ್ತಿತ್ತು.

ನಾನು ಬೇಕೆಂದೇ ಆ ಬೇಲಿ ಜಾಗದ ಪಕ್ಕ ಕೂತಿದ್ದೆ. ಸುಡುಬಿಸಿಲು. ಆಟದ ಕೊನೆಗೆ ನಮ್ಮವರಿಗೆ ಒಂದೇ ರನ್ನಿನ ಮುನ್ನಡೆ. ಆಡುತ್ತಿದ್ದ ಪಿಚರ್ ದಣಿದಿದ್ದ. ಕೆಂಗೂದಲಿನವನನ್ನು ಇಳಿಸಬೇಕಾದ ಹೊತ್ತು. ಅವನು ಎಸೆಯತೊಡಗಿದ. ಸದ್ದು ಹಿಂದೆ ಕೇಳಿದ ಹಾಗೆಯೇ ಇತ್ತು. ನನ್ನ ಕಿವಿಗೆ ಒಂದು ಗುಂಜಿಯೂ ಕಡಿಮೆಯಿಲ್ಲ. ಹುಡುಗ ಒಮ್ಮೆ ಮುಂದೆ ಬಂದು ಗ್ಲೌಸು ಅಡ್ಡ ಹಿಡಿದು ಏನೋ ಹೇಳಿದ. ಹಿಂದಕ್ಕೆ ಹೋದ. ಬಲೆಯ ಹಿಂದೆ ಕೂತಿದ್ದ ಅಮೆರಿಕದವರ ಕಡೆ ನೋಡಿದ. ಮತ್ತೆ ಬಂದು ಏನೋ ಹೇಳಿದ. ಅವರು ಒಂದೇ ಮಾತು ಕೇಳಿದರು. ಅವನು ಭುಜ ಕುಣಿಸಿ ಹೋಗಿ ಇನ್ನೊಂದು ಎಸೆದ. ಆ ಚೆಂಡನ್ನು ಅವರು ಗ್ಲೌಸಿನಲ್ಲೇ ಸ್ವಲ್ಪ ಹೊತ್ತು ಇಟ್ಟುಕೊಂಡರು.

ಕೋಚು ಇತ್ತ ನೋಡಿದ. ಅವರು ಮಂಡಿ ತಟ್ಟಿದರು.

ಕೋಚು ನಂಬಲಾರದೆ ಮತ್ತೆ ನೋಡಿದ. ಅವರು ಮತ್ತೆ ತಟ್ಟಿದರು. ಹುಡುಗ ಗ್ಲೌಸನ್ನು ನೆಲಕ್ಕೆ ಎಸೆದು ಕೂಗಾಡಿದ. ಬೇರೆ ಯಾರನ್ನೋ ಇಳಿಸಿದರು, ತಂಡ ಸೋತಿತು. ಅಮೆರಿಕದವರು ಪಾರ್ಕಿಂಗ್ ಕಡೆ ನಡೆದರು. ತಂಡದ ಯಾರೂ ಕ್ಯಾಚ್ ಅಂಕಲ್ ಹತ್ತಿರ ಬರಲಿಲ್ಲ. ಆ ಎಲೆಕ್ಟ್ರೀಷಿಯನ್ ಮಾತ್ರ ಬಂದು ಬೆನ್ನು ಮುಟ್ಟಿ ಹೋದ, ಅಷ್ಟೆ.

ವಾಪಸು ಬರುವಾಗ ಮುಕ್ಕಾಲು ದಾರಿ, ಗೌಲ್ಬರ್ನ್ ದಾಟುವವರೆಗೆ ತಡೆದುಕೊಂಡೆ. ಆಮೇಲೆ ಆಗಲಿಲ್ಲ.

"ಯಾಕೆ ಹಾಗೆ ಮಾಡಿದ್ರಿ?"

"ಬಾಲು ಸರಿ ಬರ್ಲಿಲ್ಲ."

"ನಾನೇ ಪಕ್ಕದಲ್ಲಿದ್ದೆನಲ್ರೀ! ಸೌಂಡು ಚೆನ್ನಾಗೇ ಇತ್ತು."

"ಸೌಂಡಿನ ಪ್ರಶ್ನೆ ಅಲ್ಲ."

"ಮತ್ತೇನು? ಅವನಿಗೆ ಕೈ ನೋವಿತ್ತಾ? ಅವನೇ ಹೇಳಿದ್ನಾ?"

ಹಿಂದಿನ ಸೀಟಿನಿಂದ ಹೆಂಡತಿ, "ಸುಮ್ನೆ ಗಾಡಿ ಓಡಿಸಿ" ಎಂದಳು. ಮನೆಗೆ ಬಂದ ಮೇಲೆ ಅವಳಿಗೂ ನನಗೂ ವಾದ. ಹೊಟ್ಟೆಕಿಚ್ಚು ಎಂದೆ. ಮೆಟ್ಟಿಲ ಮೇಲಿನ ಮಾತನ್ನು ಸಾಕ್ಷಿಗೆ ತಂದೆ. "ಹೊಟ್ಟೆಕಿಚ್ಚಾಗಿದ್ರೆ ತಮ್ಮ ಕೋಚ್ ಕೆಲಸಕ್ಕೂ ಯಾಕೆ ಕಿಚ್ಚಿಟ್ಕೋತಿದ್ರು?" ಎಂದಳು ಅವಳು. ಅದೂ ಸರಿಯೇ. ಆದರೆ ಮನುಷ್ಯರು ಅಂಥದ್ದನ್ನು ಮಾಡುವುದಿಲ್ಲವೇ? ಮೂಗು ಕೊಯ್ದುಕೊಂಡು ಎದುರಿನವನಿಗೆ ಅಪಶಕುನ ಮಾಡಿದವರ ಕಥೆ ಕೇಳಿಲ್ಲವೇ? ಆ ರಾತ್ರಿ ನಾವಿಬ್ಬರೂ ಮುಖ ತಿರುಗಿಸಿಕೊಂಡು ಮಲಗಿದೆವು.

ಮುಂದಿನ ಸೀಸನ್ನಿಗೆ ತಂಡ ಅವರನ್ನು ಕರೆಯಲಿಲ್ಲ. ಹುಡುಗ ಬ್ರಿಸ್ಬೇನಿಗೆ ಹೋದ. ಸಿಕ್ಕಿದವರಿಗೆಲ್ಲ "ಆಡಲಾಗದ ಮುದುಕ ನನ್ನ ಬದುಕಿಗೆ ಕಲ್ಲು ಹಾಕಿದ" ಎಂದು ಹೇಳಿಕೊಂಡು ತಿರುಗಿದ. ಅದು ಪ್ಯಾರಮಟ್ಟಾದಲ್ಲಿ ನಮ್ಮವರ ಕೂಟಗಳವರೆಗೂ ಬಂತು. ಬೇಸ್‌ಬಾಲ್ ಎಂದರೆ ಉದ್ದವೋ ಗಿಡ್ಡವೋ ತಿಳಿಯದವರು ಕೂಡ "ಅವರೇ ಅಲ್ವಾ?" ಎಂದು ಪಿಸುಗುಟ್ಟುತ್ತಿದ್ದರು. ಅವರು ಯಾರಿಗೂ ಒಂದು ಮಾತು ತಿರುಗಿ ಹೇಳಲಿಲ್ಲ. ನನಗೆ ಅದೇ ಮೈ ಉರಿಸುತ್ತಿತ್ತು. ತಪ್ಪು ಮಾಡದವನು ಹೀಗೆ ಬಾಯಿ ಹೊಲಿದುಕೊಂಡು ಕೂರುತ್ತಾನೆಯೇ?

ಬ್ರಿಸ್ಬೇನಿನಲ್ಲಿ ಹುಡುಗ ಚೆನ್ನಾಗಿ ಎಸೆಯುತ್ತಿದ್ದಾನೆಂದು ಸುದ್ದಿ ಬಂತು. ನೋಡಿದೆಯಾ, ಅವನ ಕೈಗೆ ಏನೂ ಆಗಿರಲಿಲ್ಲ ಎಂದೆ ಹೆಂಡತಿಗೆ. ಆಮೇಲೆ ಅವನ ಭುಜ ಹೋಯಿತು, ಆಟ ಬಿಟ್ಟನಂತೆ ಎಂದೂ ಬಂತು. "ನೋಡಿದ್ರಾ?" ಎಂದಳು ಅವಳು. ನೋಡಿದ್ದೇನು ಮಣ್ಣು! ಆಮೇಲೆ ಕೆಟ್ಟ ಭುಜ ಅಂದೇ ಕೆಟ್ಟಿತ್ತೆಂದು ಹೇಗೆ ಹೇಳುವುದು? ಅಂದು ಕೆಟ್ಟಿರಲಿಲ್ಲವೆಂದು ತಾನೇ ಹೇಗೆ ಹೇಳುವುದು? ನನ್ನ ತಲೆ ಗೊಜ್ಜಾಗಿತ್ತು.

ಅವರು ಮಾತ್ರ ಹತ್ತಿರದ ಪಾರ್ಕಿನಲ್ಲಿ ಶನಿವಾರ ಮಕ್ಕಳಿಗೆ ಬೇಸ್‌ಬಾಲ್ ಹೇಳಿಕೊಡಲು ನಿಂತರು. ಕೋಚ್ ಆಗುವ ಆಸೆ ಹೀಗೆ ಕೈಗೂಡಿತು ಎನ್ನಬೇಕೋ ಏನೋ. ನನ್ನ ಮಗಳೂ ಹೋಗುತ್ತಿದ್ದಳು. ಅವರ ಪಾಠ ಎಲ್ಲರ ಹಾಗಿರಲಿಲ್ಲ. ಚೆಂಡು ಎಸೆಯುವ ಆಸೆಯಿರುವ ಮಗು ಮೊದಲು ಇನ್ನೊಂದು ಮಗುವಿನ ಚೆಂಡು ಹಿಡಿಯುತ್ತ ಕುಕ್ಕರಗಾಲಲ್ಲಿ ಕೂರಬೇಕು. ಆಮೇಲೆ ಅವರು ಹತ್ತಿರ ಬಂದು ಎಸೆದವನ ಚೆಂಡು ಹೇಗಿದೆ ಎಂದು ಕೇಳುತ್ತಿರಲಿಲ್ಲ. ಅವನು ಹೇಗಿದ್ದಾನೆ ಎಂದು ಕೇಳುತ್ತಿದ್ದರು.

"ಹೀ ಈಸ್ ಫೈನ್, ಅಂಕಲ್" ಎಂದಳು ನನ್ನ ಮಗಳು ಒಂದು ಸಲ.

"ಫೈನ್ ಅಂತ ದಾರಿಯಲ್ಲಿ ಹೋಗುವವನೂ ಹೇಳ್ತಾನೆ. ನೀನು ಎದುರು ಕೂತವಳು. ಇನ್ನೊಮ್ಮೆ ನೋಡಿ ಹೇಳು."

ಅವಳು ನೋಡಿದಳು. ಆ ಹುಡುಗ ಅಳು ನುಂಗಿಕೊಳ್ಳುತ್ತಿದ್ದ. ಮನೆಯಲ್ಲಿ ಏನೋ ನಡೆದಿತ್ತಂತೆ. ಅವರು ಅವನನ್ನು ಕರೆದು ಪಕ್ಕದಲ್ಲಿ ಕೂರಿಸಿಕೊಂಡು ಕಿತ್ತಳೆ ಸುಲಿದು ಕೊಟ್ಟರು. ಇಂಥ ಮನುಷ್ಯ ಒಬ್ಬ ಹುಡುಗನ ಬಾಯಿಂದ ತುತ್ತು ಕಿತ್ತುಕೊಂಡಿರಬಹುದೇ? ಅಥವಾ ಕಿತ್ತುಕೊಂಡಿದ್ದಕ್ಕೇ ಈಗ ಹೀಗೆ ತೀರಿಸುತ್ತಿದ್ದಾರೋ? ಬೆಂಚಿನ ಮೇಲೆ ಕೂತು ಎರಡನ್ನೂ ನಂಬುತ್ತಿದ್ದೆ, ಒಂದಾದ ಮೇಲೊಂದು.

ಕೊನೆಗೆ ಅವರ ಮಂಡಿಗಳು ಕೈಕೊಟ್ಟವು. ಮೆಟ್ಟಿಲು ಹತ್ತಲಾಗುತ್ತಿರಲಿಲ್ಲ. ತಂಗಿ ಮೆಲ್ಬರ್ನಿಗೆ ಕರೆಸಿಕೊಂಡಳು. ಸ್ಟೇಷನ್ನಿಗೆ ಬಿಡಲು ಹೋದಾಗ, ರೈಲು ಬರುವ ಮೊದಲು, ಕೇಳಿಯೇ ಬಿಟ್ಟೆ.

"ಈಗಲಾದ್ರೂ ಹೇಳಿ ಹೋಗಿ. ಅವತ್ತು ಏನಾಯ್ತು?"

ಅವರು ನನ್ನ ಭುಜದ ಮೇಲೆ ಆ ಸೊಟ್ಟ ಬೆರಳುಗಳ ಕೈಯಿಟ್ಟರು. "ಹೇಳುದಾದ್ರೆ ಅವ ಹೇಳ್ಬೇಕು ಮಾರಾಯ್ರೇ. ನಾನು ಹೇಳ್ಲಿಕ್ಕಿಲ್ಲ. ನೀವು ಒಮ್ಮೆ ಬನ್ನಿ, ಮೀನು ತಿನ್ನುವವರಲ್ಲ, ತಂಗಿ ನೀರುದೋಸೆ ಮಾಡ್ತಾಳೆ." ನಾವು ಹೋಗಲೇ ಇಲ್ಲ. ಹೃದಯಾಘಾತವೆಂದು ಫೋನು ಬಂದ ಮೇಲೆ ಹೋದೆವು.

ಚರ್ಚಿನ ಅಂಗಳದಲ್ಲಿ, ಅಂತಿಮ ಪ್ರಾರ್ಥನೆಯ ಬಲಿಪೂಜೆಗೆ ಮೊದಲು, ಕೆಂಗೂದಲು ನೋಡಿದ ತಕ್ಷಣ ಗುರುತು ಹತ್ತಿತು. ಮೈ ಬಂದಿತ್ತು, ಕೂದಲು ಅರ್ಧ ಹೋಗಿತ್ತು. ಯಾವ ಮುಖ ಇಟ್ಟುಕೊಂಡು ಬಂದಿದ್ದಾನೆ ಎನ್ನಿಸಿತು. ಹೆಂಡತಿ ತೋಳು ಹಿಡಿದರೂ ಕೊಸರಿಕೊಂಡು ಹೋಗಿ ಎದುರು ನಿಂತೆ. ಅವನು ಗುರುತು ಹಿಡಿದು, ಚಿತ್ರಾನ್ನ ಎಂದ. ಅದೊಂದು ಪದ ಅವನ ಬಾಯಲ್ಲಿ ಉಳಿದಿತ್ತು. ನನ್ನ ಸಿಟ್ಟು ಅಲ್ಲಿಗೆ ಅರ್ಧ ಇಳಿಯಿತು. ಆದರೂ ಕೇಳಿದೆ. ಅವನು ಇಂಗ್ಲಿಷಿನಲ್ಲಿ ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

"ಮೊದಲ ಸಲ ಹತ್ತಿರ ಹೋದಾಗ, ಭುಜ ನೋಯುತ್ತಿದೆ, ಬೇಡ ಎಂದು ಹೇಳು ಅಂತ ಬೇಡಿಕೊಂಡೆ. ಆಮೇಲೆ ಅಮೆರಿಕದವರು ಕಣ್ಣಿಗೆ ಬಿದ್ದರು. ಮತ್ತೆ ಹೋಗಿ, ಇಲ್ಲ, ಏನೂ ಆಗಿಲ್ಲ, ರೆಡಿ ಎಂದು ಹೇಳು ಅಂದೆ. ಎರಡರಲ್ಲಿ ಯಾವುದು ನಿಜ ಎಂದು ಕೇಳಿದರು. ನೀನೇ ಹಿಡಿಯುತ್ತಿದ್ದೀಯಲ್ಲ, ನೀನೇ ನೋಡು ಅಂದೆ. ಇನ್ನೊಂದು ಎಸೆದೆ."

"ಮತ್ತೆ ಜನರ ಮುಂದೆ ಅವರನ್ನು ಯಾಕೆ ಹಾಗೆ ಬೈದೆ?"

"ನಾನು ಹೆದರಿದ್ದೆ ಎಂದು ಗೊತ್ತಾಗಬಾರದಿತ್ತು. ಅವರು ಹೇಳುವುದಿಲ್ಲ ಎಂದು ನನಗೆ ಗೊತ್ತಿತ್ತು."

ನನಗೆ ಅವನ ಕಪಾಳಕ್ಕೆ ಬಾರಿಸಬೇಕೆನ್ನಿಸಿತು. ಅದೇ ಕ್ಷಣದಲ್ಲಿ ಅವನ ಮೇಲೆ ಕನಿಕರವೂ ಉಕ್ಕಿತು. ಅವನ ಕಣ್ಣು ತುಂಬಿತ್ತು. ಇಷ್ಟಾದರೂ ನನ್ನ ಪ್ರಶ್ನೆ ನಿಂತಲ್ಲೇ ನಿಂತಿತ್ತು.

"ಹಾಗಾದರೆ ಅವತ್ತು ನಿನ್ನ ಭುಜ ನೋಯುತ್ತಿತ್ತೋ ಇಲ್ಲವೋ?"

ಅವನು ತನ್ನ ಬಲಭುಜವನ್ನು ಎಡಗೈಯಿಂದ ಒತ್ತಿ ನೋಡಿಕೊಂಡ, ಅದು ಬೇರೆ ಯಾರದೋ ಎನ್ನುವ ಹಾಗೆ. "ಗೊತ್ತಿಲ್ಲ" ಎಂದ. "ಭಯಕ್ಕೆ ನೋವು ಅಂದೆನೋ, ನೋವಿಗೆ ಭಯ ಅಂದೆನೋ, ಇವತ್ತಿಗೂ ನನಗೆ ಗೊತ್ತಿಲ್ಲ. ಕೊನೆಯ ಚೆಂಡಿನಲ್ಲಿ ಏನು ಕಂಡಿರಿ ಎಂದು ಅವರನ್ನು ಕೇಳಬೇಕು ಅಂತ ಪ್ರತಿ ಕ್ರಿಸ್‌ಮಸ್ಸಿಗೆ ಅಂದುಕೊಳ್ಳುತ್ತಿದ್ದೆ."

ಗಂಟೆ ಬಾರಿಸಿತು. ಒಳಗೆ ಹೋಗಿ ಕೂತೆವು. ಕೊಂಕಣಿಯಲ್ಲಿ ಹಾಡಿದರು. ಪಾದ್ರಿ ಏನು ಹೇಳಿದರೋ ನನ್ನ ತಲೆಗೆ ಹೋಗಲಿಲ್ಲ. ಇಷ್ಟು ವರ್ಷ ಆ ಮನುಷ್ಯನನ್ನು ಒಳಗೊಳಗೇ ಕಟಕಟೆಯಲ್ಲಿ ನಿಲ್ಲಿಸಿದ್ದೆನಲ್ಲ ಎಂದು ದುಃಖ ಒತ್ತಿ ಬಂತು. ಹೆಂಡತಿಯ ಕೈ ಹಿಡಿದುಕೊಂಡು ಅತ್ತೆ. ಅವಳು ಜಗಳದಲ್ಲಿ ಗೆದ್ದ ಮುಖ ಮಾಡಲಿಲ್ಲ.

ಪೂಜೆ ಮುಗಿದು ಪೆಟ್ಟಿಗೆ ಎತ್ತುವ ಹೊತ್ತಿಗೆ ಹೊರುವವರಲ್ಲಿ ಅವನೂ ಒಬ್ಬನಾದ. ಅವನ ಪಾಲಿಗೆ ಬಂದದ್ದು ಬಲಭುಜದ ಕಡೆ. ಅವನ ಭುಜದ ಕಥೆ ಬಲ್ಲ ಮುಂದಿದ್ದವರು ಬೇಡವೆಂದು ಸನ್ನೆ ಮಾಡಿದರೂ ಅವನು ತಲೆಯಾಡಿಸಿ ಹೆಗಲು ಕೊಟ್ಟ. ನಮ್ಮ ಸಾಲಿನ ಪಕ್ಕದಲ್ಲೇ ಹಾದುಹೋದ. ನಾನು ಪೆಟ್ಟಿಗೆ ನೋಡುವುದು ಬಿಟ್ಟು ಅವನ ಮುಖವನ್ನೇ ನೋಡಿದೆ. ಹಲ್ಲು ಕಚ್ಚಿದ್ದ, ಕೆನ್ನೆ ನಡುಗುತ್ತಿತ್ತು. ಭುಜ ನೋಯುತ್ತಿತ್ತೋ, ಅಳು ತಡೆದಿದ್ದನೋ, ಎಷ್ಟು ಹತ್ತಿರದಿಂದ ನೋಡಿದರೂ ನನಗೆ ತಿಳಿಯಲಿಲ್ಲ. ತಿಳಿದು ಹೇಳಬಲ್ಲವರು ಒಬ್ಬರೇ ಇದ್ದರು. ಅವರನ್ನು ಅವನು ಹೊತ್ತುಕೊಂಡು ಹೋಗುತ್ತಿದ್ದ.